ಮಲಗಿದಾಗ ಇಲ್ಲದ ನೋವು ಮಲಗಿಸಿ ತೆಗೆದ ಎಂಆರ್‌ಐನಲ್ಲಿ ಕಾಣುತ್ತದೆಯೇ?

ಸೊಂಟನೋವಿನ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಮಾತುಗಳಲ್ಲಿ ಎರಡು ಬಗೆ ಇವೆ. ಒಂದು, ‘ಎಂಆರ್‌ಐ ನಾರ್ಮಲ್ ಬಂದರೆ ನಿಮಗೆ ಏನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ’ ಎನ್ನುವುದು. ಇನ್ನೊಂದು ಅದಕ್ಕೆ ತದ್ವಿರುದ್ಧ: ‘ಮಲಗಿಸಿ ತೆಗೆಯುವ ಎಂಆರ್‌ಐ ದುಡ್ಡು ಹೊಡೆಯುವ ದಂಧೆ, ನಿಂತು ತೆಗೆಸಿದರೆ ಮಾತ್ರ ನಿಜವಾದ ಕಾಯಿಲೆ ಗೊತ್ತಾಗುತ್ತದೆ’. ಎರಡರಲ್ಲೂ ಚೂರು ಚೂರು ನಿಜ ಇದೆ, ಅದಕ್ಕೇ ಇವು ಇನ್ನೂ ಓಡಾಡುತ್ತಿವೆ. ಮೊದಲನೆಯದನ್ನು ನಂಬಿದವರು ಬಸ್ ಸ್ಟಾಪ್‌ವರೆಗೆ ನಡೆಯಲು ಆಗದಿದ್ದರೂ ಯಾರಿಗೂ ಹೇಳದೆ ಮನೆಯಲ್ಲಿ ಕೂತುಬಿಡುತ್ತಾರೆ. ಎರಡನೆಯದನ್ನು ನಂಬಿದವರು ಕೈಯಲ್ಲಿರುವ ಒಳ್ಳೆಯ ರಿಪೋರ್ಟನ್ನು ಬದಿಗಿಟ್ಟು ಇನ್ನೊಂದು ಸ್ಕ್ಯಾನ್‌ಗೆ ಹಣ ಹೊಂದಿಸಲು ಹೊರಡುತ್ತಾರೆ.

ಸೊಂಟನೋವಿಗೆ ನೂರು ಕಾರಣಗಳಿವೆ. ನಾವು ಇಲ್ಲಿ ನೋಡುತ್ತಿರುವುದು ಒಂದನ್ನು ಮಾತ್ರ: ಸೊಂಟದ ಭಾಗದಲ್ಲಿ ನರಗಳು ಹಾದುಹೋಗುವ ಜಾಗ ಕಿರಿದಾಗುವುದು. ವೈದ್ಯರು ಇದನ್ನು ಲಂಬಾರ್ ಸ್ಪೈನಲ್ ಸ್ಟೆನೋಸಿಸ್ ಎನ್ನುತ್ತಾರೆ. ‘ನಿಂತು ತೆಗೆಸಬೇಕು’ ಎಂಬ ಮಾತಿಗೆ ಅತಿ ಹೆಚ್ಚು ಅರ್ಥ ಇರುವುದು ಈ ತೊಂದರೆಯಲ್ಲೇ.

ಓಣಿ ಕಿರಿದಾದಾಗ

ಬೆನ್ನುಮೂಳೆ ಒಂದೇ ಉದ್ದನೆಯ ಮೂಳೆಯಲ್ಲ, ಒಂದರ ಮೇಲೊಂದು ಜೋಡಿಸಿಟ್ಟ ಬಿಡಿ ಮೂಳೆಗಳ ಸಾಲು. ಸೊಂಟದ ಭಾಗದಲ್ಲಿ ಇಂಥವು ಐದು. ರಿಪೋರ್ಟಿನಲ್ಲಿ ಎಲ್‌1ರಿಂದ ಎಲ್‌5 ಎಂದು ಬರೆದಿರುವುದು ಇವನ್ನೇ. ಈ ಮೂಳೆಗಳ ಮಧ್ಯದ ತೂತುಗಳು ಒಂದರ ಕೆಳಗೊಂದು ಸೇರಿ ಒಂದು ಓಣಿಯಾಗುತ್ತವೆ. ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ಸೊಂಟದ ತುದಿಯವರೆಗೂ ಬರುವುದಿಲ್ಲ. ದೊಡ್ಡವರಲ್ಲಿ ಅದು ಎಲ್‌1 ಅಥವಾ ಎಲ್‌2ರ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ಕಾಲು, ಮೂತ್ರಕೋಶ ಮತ್ತು ಗುದದ ಭಾಗಕ್ಕೆ ಹೋಗುವ ನರಗಳ ಗೊಂಚಲು. ನೋಡಲು ಕುದುರೆಯ ಬಾಲದ ಹಾಗಿದೆ ಎಂದು ಅದಕ್ಕೆ ಲ್ಯಾಟಿನ್‌ನಲ್ಲಿ ಅದೇ ಅರ್ಥದ ಹೆಸರಿಟ್ಟಿದ್ದಾರೆ, ಕಾಡಾ ಈಕ್ವೈನಾ. ಈ ನರಗಳು ನೀರಿನಂಥ ದ್ರವ ತುಂಬಿದ ಒಂದು ಚೀಲದೊಳಗೆ ತೇಲುತ್ತಿರುತ್ತವೆ.

ಈ ಓಣಿಯ ಮುಂದಿನ ಗೋಡೆ ಮೂಳೆ ಮತ್ತು ಡಿಸ್ಕ್. ಹಿಂದೆ ಹಳದಿ ಬಣ್ಣದ, ರಬ್ಬರಿನಂತೆ ಎಳೆಸಿಕೊಳ್ಳುವ ಒಂದು ಪಟ್ಟಿ, ಲಿಗಮೆಂಟಮ್ ಫ್ಲೇವಮ್. ಹಿಂದಿನ ಎರಡು ಮೂಲೆಗಳಲ್ಲಿ ಫಾಸೆಟ್ ಎಂಬ ಚಿಕ್ಕ ಕೀಲುಗಳು. ವಯಸ್ಸಾದಂತೆ ಡಿಸ್ಕ್ ನೀರು ಕಳೆದುಕೊಂಡು ಚಪ್ಪಟೆಯಾಗಿ ಓಣಿಯ ಕಡೆಗೆ ಉಬ್ಬುತ್ತದೆ, ಹಿಂದಿನ ಪಟ್ಟಿ ದಪ್ಪಗಾಗುತ್ತದೆ, ಕೀಲುಗಳು ಸವೆದು ಊದಿಕೊಂಡಂತೆ ದೊಡ್ಡದಾಗುತ್ತವೆ. ಮೂರು ಕಡೆಯಿಂದ ಒತ್ತುವರಿ. ಎಲ್‌4 ಮತ್ತು ಎಲ್‌5ರ ನಡುವೆ ಇದು ಎಲ್ಲಕ್ಕಿಂತ ಹೆಚ್ಚು. ಕೆಲವರಿಗೆ ಹುಟ್ಟಿನಿಂದಲೇ ಓಣಿ ಸಣ್ಣದಿರುತ್ತದೆ, ಅಂಥವರಿಗೆ ಸ್ವಲ್ಪ ಒತ್ತುವರಿಯಾದರೂ ಸಾಕು.

1954ರಲ್ಲಿ ಹಾಲೆಂಡಿನ ನರಶಸ್ತ್ರಚಿಕಿತ್ಸಕ ಹೆಂಕ್ ವರ್ಬಿಯೆಸ್ಟ್ ಈ ಕಾಯಿಲೆಯ ಲಕ್ಷಣಗಳನ್ನು ಬಿಡಿಸಿ ಬರೆದರು. ಅವರ ರೋಗಿಗಳ ತೊಂದರೆಯಲ್ಲಿ ಒಂದು ವಿಚಿತ್ರ ಇತ್ತು. ನಿಂತರೆ, ನಡೆದರೆ ಕಾಲಲ್ಲಿ ನೋವು, ಜೋಮು, ಬಲ ಇಲ್ಲದಂತಾಗುವುದು. ಮಲಗಿಸಿ ಪರೀಕ್ಷೆ ಮಾಡಿದರೆ ಏನೂ ಇಲ್ಲ! ರಿಪೋರ್ಟ್ ಹಿಡಿದು ‘ನನಗೆ ಏನೂ ಇಲ್ಲವಂತೆ, ಆದರೆ ನಡೆಯಕ್ಕೆ ಆಗಲ್ಲ’ ಎನ್ನುವವರ ಕಥೆ ಎಂಆರ್‌ಐ ಯಂತ್ರಕ್ಕಿಂತ ಎಷ್ಟೋ ಹಳೆಯದು ಅಂತಾಯಿತು.

ಬಗ್ಗಿದರೆ ಯಾಕೆ ಹಾಯೆನಿಸುತ್ತದೆ?

ಸ್ಟೆನೋಸಿಸ್ ಇರುವವರನ್ನು ನೋಡಿದರೆ ಒಂದು ಅಭ್ಯಾಸ ಗೊತ್ತಾಗುತ್ತದೆ. ಸ್ವಲ್ಪ ದೂರ ನಡೆದು ಯಾವುದಾದರೂ ಕಟ್ಟೆ ಹುಡುಕಿ ಕೂರುತ್ತಾರೆ. ಎರಡು ನಿಮಿಷ ಕೂತರೆ ಮತ್ತೆ ಸರಿ. ಸೂಪರ್ ಮಾರ್ಕೆಟ್‌ನಲ್ಲಿ ತಳ್ಳುಗಾಡಿಯ ಮೇಲೆ ಮೊಣಕೈ ಊರಿ ಬಾಗಿಕೊಂಡು ಎಷ್ಟು ಹೊತ್ತು ಬೇಕಾದರೂ ಸುತ್ತುತ್ತಾರೆ, ಹೊರಗೆ ಬಂದು ನೆಟ್ಟಗೆ ನಡೆದರೆ ಕಾಲು ಬರುವುದಿಲ್ಲ. ವೈದ್ಯರು ಇದಕ್ಕೆ ‘ಶಾಪಿಂಗ್ ಕಾರ್ಟ್ ಲಕ್ಷಣ’ ಎಂದೇ ಹೆಸರಿಟ್ಟಿದ್ದಾರೆ. ಅರ್ಧ ಕಿಲೋಮೀಟರ್ ನಡೆಯಲಾರದ ಮನುಷ್ಯ ಸೈಕಲ್ ಮೇಲೆ ಮುಂದಕ್ಕೆ ಬಾಗಿ ಆರಾಮಾಗಿ ಪೆಡಲ್ ತುಳಿಯುತ್ತಾನೆ.

ಕಾರಣ ಸರಳ. ನೆಟ್ಟಗೆ ನಿಂತಾಗ, ಅದರಲ್ಲೂ ಹಿಂದಕ್ಕೆ ಬಾಗಿದಾಗ, ಸೊಂಟದ ಒಳಬಾಗು ಹೆಚ್ಚಾಗುತ್ತದೆ. ಆಗ ಹಿಂದಿನ ಪಟ್ಟಿ ಸಡಿಲವಾಗಿ ಒಳಕ್ಕೆ ಮಡಿಚಿಕೊಳ್ಳುತ್ತದೆ. ತುಂಬುತೋಳಿನ ಅಂಗಿ ಹಾಕಿ ಮೊಣಕೈ ಮಡಚಿದಾಗ ಒಳಗಡೆ ಬಟ್ಟೆ ನೆರಿಗೆಗಟ್ಟುತ್ತದಲ್ಲ, ಹಾಗೆ. ಜೊತೆಗೆ ಮೈಭಾರಕ್ಕೆ ಡಿಸ್ಕ್ ಇನ್ನಷ್ಟು ಉಬ್ಬುತ್ತದೆ. ಎರಡೂ ಸೇರಿ ಓಣಿಯ ಜಾಗ ಕಡಿಮೆಯಾಗಿ ನರಗಳು, ಅವುಗಳ ರಕ್ತದ ಓಡಾಟ ಎರಡೂ ಒತ್ತಡಕ್ಕೆ ಸಿಕ್ಕುತ್ತವೆ. ಮುಂದಕ್ಕೆ ಬಾಗಿದರೆ ಪಟ್ಟಿ ಎಳೆದು ಬಿಗಿಯಾಗುತ್ತದೆ, ನೆರಿಗೆ ಹೋಗುತ್ತದೆ, ಜಾಗ ತೆರೆಯುತ್ತದೆ.

ಇಲ್ಲಿ ಒಂದು ಗೊಂದಲ ಬರುತ್ತದೆ, ಫಾರ್ವರ್ಡ್‌ಗಳು ಎಡವುವುದೂ ಇಲ್ಲೇ. ‘ಬಗ್ಗಬೇಡಿ, ಡಿಸ್ಕ್ ಮೇಲೆ ಒತ್ತಡ ಬೀಳುತ್ತದೆ’ ಎಂದು ನೀವು ಓದಿರುತ್ತೀರಿ. ಅದು ಸುಳ್ಳಲ್ಲ. 1960ರ ದಶಕದಿಂದ ಸ್ವೀಡನ್ನಿನ ಆಲ್ಫ್ ನಾಕೆಮ್‌ಸನ್ ಜೀವಂತ ಮನುಷ್ಯರ ಡಿಸ್ಕ್‌ನೊಳಗೆ ಸೂಜಿಯಿಟ್ಟು ಒತ್ತಡ ಅಳೆದರು (ಇಂದಿನ ದಿನ ಇಂಥ ಪ್ರಯೋಗಕ್ಕೆ ಅನುಮತಿ ಸಿಗುವುದೇ ಕಷ್ಟ). 1999ರಲ್ಲಿ ಜರ್ಮನಿಯ ಸಂಶೋಧಕರು ಹೊಸ ಉಪಕರಣದಿಂದ ಮತ್ತೆ ಅಳೆದಾಗ ಮಲಗಿದಾಗಿಗಿಂತ ನಿಂತಾಗ ಒತ್ತಡ ಸುಮಾರು ಐದು ಪಟ್ಟು, ನಿಂತು ಮುಂದಕ್ಕೆ ಬಾಗಿದಾಗ ಅದರ ಎರಡರಷ್ಟು ಇತ್ತು. ಹಾಗಾದರೆ ಬಾಗಿದಾಗ ನೋವು ಹೆಚ್ಚಬೇಕಲ್ಲವೇ? ಡಿಸ್ಕ್ ಹರಿದು ಹೊರಬಂದವರಿಗೆ ಸಾಮಾನ್ಯವಾಗಿ ಹೆಚ್ಚುತ್ತದೆ. ಸ್ಟೆನೋಸಿಸ್ ಇರುವವರಿಗೆ ಮುಖ್ಯವಾಗಿರುವುದು ಡಿಸ್ಕ್‌ನೊಳಗಿನ ಒತ್ತಡಕ್ಕಿಂತ ಓಣಿಯಲ್ಲಿ ಉಳಿದಿರುವ ಜಾಗ. ಹಾಗಾಗಿ ಎದುರುಮನೆಯವರ ಸೊಂಟನೋವಿಗೆ ಕೆಲಸ ಮಾಡಿದ ‘ಸದಾ ನೆಟ್ಟಗೆ ನಿಲ್ಲಿ’ ಎಂಬ ಸಲಹೆ ಇವರಿಗೆ ಉಲ್ಟಾ ಹೊಡೆಯಬಹುದು.

ನಡೆದರೆ ಕಾಲುನೋವು, ನಿಂತರೆ ವಾಸಿ ಎನ್ನುವ ಇನ್ನೊಂದು ಕಾಯಿಲೆಯೂ ಇದೆ. ಕಾಲಿನ ರಕ್ತನಾಳ ಕಟ್ಟಿಕೊಳ್ಳುವುದು, ಬೀಡಿ-ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ವ್ಯತ್ಯಾಸ ಇಷ್ಟು: ರಕ್ತನಾಳದ ತೊಂದರೆಯಾದರೆ ನಡೆಯುವುದನ್ನು ನಿಲ್ಲಿಸಿ ನೆಟ್ಟಗೆ ನಿಂತರೂ ನೋವು ಇಳಿಯುತ್ತದೆ, ಸೈಕಲ್ ತುಳಿದರೆ ನೋವು ಬರುತ್ತದೆ. ನರದ ತೊಂದರೆಯಾದರೆ ಕೂರಬೇಕು ಅಥವಾ ಬಾಗಬೇಕು. ಇಬ್ಬರಿಗೂ ವಯಸ್ಸು ಒಂದೇ ಆದ್ದರಿಂದ ಎರಡೂ ಒಬ್ಬರಲ್ಲೇ ಇರಬಹುದು. ಪಾದದ ನಾಡಿ ಮುಟ್ಟಿ ನೋಡುವ ಡಾಕ್ಟರ್ ಸಮಯ ಹಾಳು ಮಾಡುತ್ತಿಲ್ಲ.

ಹಾಗಿದ್ದರೆ ಮಲಗಿಸಿ ತೆಗೆಯುವುದೇಕೆ?

ಸಾಮಾನ್ಯ ಎಂಆರ್‌ಐ ಯಂತ್ರ ಒಂದು ಕೊಳವೆ, ಅದರೊಳಗೆ ಅಂಗಾತ ಮಲಗಿಯೇ ಹೋಗಬೇಕು. ಇಪ್ಪತ್ತು ಮೂವತ್ತು ನಿಮಿಷ ಅಲುಗಾಡದೆ ಇರಬೇಕು. ಮಲಗಿದವರಿಗೆ ಸುಖವಾಗಲಿ ಎಂದು ತಂತ್ರಜ್ಞರು ಮಂಡಿಯ ಕೆಳಗೆ ಒಂದು ದಿಂಬು ಇಡುತ್ತಾರೆ. ಒಳ್ಳೆಯ ಉದ್ದೇಶ. ಆದರೆ ಮಂಡಿ ಮೇಲೆದ್ದರೆ ಸೊಂಟದ ಬಾಗು ನೇರವಾಗುತ್ತದೆ, ಮೈಭಾರವಂತೂ ಬೆನ್ನುಮೂಳೆಯ ಮೇಲೆ ಬೀಳುತ್ತಲೇ ಇರುವುದಿಲ್ಲ. ಅಂದರೆ ರೋಗಿಗೆ ನೋವು ಕಡಿಮೆ ಇರುವ, ಓಣಿ ಹೆಚ್ಚು ತೆರೆದಿರುವ ಭಂಗಿಯಲ್ಲೇ ನಾವು ಫೋಟೋ ತೆಗೆಯುತ್ತಿದ್ದೇವೆ. ಟ್ರಾಫಿಕ್ ಜಾಮ್ ಬಗ್ಗೆ ದೂರು ಬಂದ ರಸ್ತೆಯನ್ನು ರಾತ್ರಿ ಎರಡು ಗಂಟೆಗೆ ಹೋಗಿ ನೋಡಿದ ಹಾಗೆ.

ಇಷ್ಟಾದರೂ ಮಲಗಿಸಿ ತೆಗೆದ ಎಂಆರ್‌ಐ ನಿಷ್ಪ್ರಯೋಜಕ ಎನ್ನುವುದು ತಪ್ಪು. ಹೆಚ್ಚಿನ ರೋಗಿಗಳಲ್ಲಿ ಓಣಿ ಎಷ್ಟು ಕಿರಿದಾಗಿರುತ್ತದೆಂದರೆ ಮಲಗಿದಾಗಲೂ ಅದು ಸ್ಪಷ್ಟವಾಗಿ ಕಾಣುತ್ತದೆ. ನರಗಳ ಚೀಲವನ್ನು ಅಡ್ಡ ಕತ್ತರಿಸಿ ನೋಡಿದಾಗ ಸಿಗುವ ವಿಸ್ತೀರ್ಣ 100 ಚದರ ಮಿಲಿಮೀಟರ್‌ಗಿಂತ ಕಡಿಮೆಯಾದರೆ ಕಿರಿದು, 75ಕ್ಕಿಂತ ಕಡಿಮೆಯಾದರೆ ತೀರಾ ಕಿರಿದು ಎಂದು ಬಹಳ ಕಾಲದಿಂದ ಲೆಕ್ಕ ಹಾಕುತ್ತಾರೆ. ಮಲಗಿದಾಗಲೇ 50 ಇರುವವರನ್ನು ನಿಲ್ಲಿಸಿ ಇನ್ನೊಮ್ಮೆ ನೋಡಿ ಹೊಸದಾಗಿ ತಿಳಿಯುವುದೇನೂ ಇಲ್ಲ.

ಮಲಗಿರುವುದನ್ನೇ ಉಪಯೋಗಕ್ಕೆ ತಂದುಕೊಂಡ ಒಂದು ಜಾಣ ಉಪಾಯವೂ ಇದೆ. ಅಂಗಾತ ಮಲಗಿದಾಗ ನರಗಳು ದ್ರವದೊಳಗೆ ತಮ್ಮ ಭಾರಕ್ಕೆ ಬೆನ್ನಿನ ಕಡೆಗೆ ಇಳಿದು ಕೂರಬೇಕು, ಲೋಟದ ತಳದಲ್ಲಿ ರಾಗಿ ಹಿಟ್ಟು ಕೂರುವ ಹಾಗೆ. ತೀವ್ರವಾದ ಸ್ಟೆನೋಸಿಸ್ ಇದ್ದವರಲ್ಲಿ ಅವು ಇಳಿಯದೆ ಅಲ್ಲಲ್ಲೇ ಸಿಕ್ಕಿಕೊಂಡಿರುತ್ತವೆ. 2010ರಲ್ಲಿ ಇದನ್ನು ಒಂದು ಲಕ್ಷಣವಾಗಿ ಗುರುತಿಸಿ ‘ಸೆಡಿಮೆಂಟೇಶನ್ ಸೈನ್’ ಎಂದು ಹೆಸರಿಟ್ಟರು. ತೀವ್ರ ತೊಂದರೆಯನ್ನು ಹಿಡಿಯಲು ಇದು ನೆರವಾಗುತ್ತದೆ. ನಡುವಿನ ಹಂತದವರಲ್ಲಿ ಅಷ್ಟಾಗಿ ಉಪಯೋಗವಿಲ್ಲ.

ಸಮಸ್ಯೆ ಇರುವುದು ಆ ನಡುವಿನ ಹಂತದವರದ್ದೇ. ಲಕ್ಷಣ ಪೂರ್ತಿ ಸ್ಟೆನೋಸಿಸ್‌ನದು, ರಿಪೋರ್ಟ್ ಮಾತ್ರ ‘ಸ್ವಲ್ಪ ಕಿರಿದಾಗಿದೆ’ ಎನ್ನುತ್ತದೆ.

ಭಾರ ಹಾಕಿ ನೋಡುವ ಪ್ರಯತ್ನಗಳು

ಎಂಆರ್‌ಐ ಬರುವ ಮೊದಲು ವೈದ್ಯರು ಇದಕ್ಕೆ ಮೈಲೋಗ್ರಾಮ್ ಮಾಡುತ್ತಿದ್ದರು. ಸೊಂಟಕ್ಕೆ ಸೂಜಿ ಚುಚ್ಚಿ ನರಗಳ ಚೀಲಕ್ಕೆ ಎಕ್ಸ್‌-ರೇಯಲ್ಲಿ ಕಾಣುವ ದ್ರವ ಬಿಟ್ಟು, ರೋಗಿಯನ್ನು ನಿಲ್ಲಿಸಿ, ಮುಂದಕ್ಕೆ ಹಿಂದಕ್ಕೆ ಬಾಗಿಸಿ ಚಿತ್ರ ತೆಗೆಯುತ್ತಿದ್ದರು. ಸೂಜಿ ಚುಚ್ಚಬೇಕು, ಆಮೇಲೆ ತಲೆನೋವು ಬರಬಹುದು, ವಿಕಿರಣವೂ ಇದೆ. ಆದರೂ ನಿಂತಾಗ ಏನಾಗುತ್ತದೆ ಎನ್ನುವುದನ್ನು ಅದು ತೋರಿಸುತ್ತಿತ್ತು. ಮೆದು ಭಾಗಗಳನ್ನೆಲ್ಲ ಚೆನ್ನಾಗಿ ತೋರಿಸುವ, ಸೂಜಿ ಬೇಡದ, ವಿಕಿರಣ ಇಲ್ಲದ ಎಂಆರ್‌ಐ ಬಂದಾಗ ಎಲ್ಲರೂ ಖುಷಿಯಾಗಿ ಅದಕ್ಕೆ ಬದಲಾದರು. ಆ ಬದಲಾವಣೆಯಲ್ಲಿ ನಿಲ್ಲಿಸಿ ನೋಡುವುದು ಕೈಬಿಟ್ಟುಹೋಯಿತು. (ಎಂಆರ್‌ಐನಿಂದ ರೇಡಿಯೇಶನ್ ಬರುತ್ತದೆ ಎಂಬ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ. ಎಂಆರ್‌ಐ ಕೆಲಸ ಮಾಡುವುದು ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ. ಎಕ್ಸ್‌-ರೇ, ಸಿಟಿಯಲ್ಲಿ ಇರುವಂಥ ವಿಕಿರಣ ಅದರಲ್ಲಿಲ್ಲ.)

1990ರ ದಶಕದಲ್ಲಿ ಸ್ವೀಡನ್ನಿನ ಯಾನ್ ವಿಲೆನ್, ಬಾರ್ಬ್ರೋ ಡೇನಿಯಲ್‌ಸನ್ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು. ರೋಗಿಯನ್ನು ನಿಲ್ಲಿಸಲು ಆಗದಿದ್ದರೆ ಭಾರವನ್ನೇ ಮಲಗಿದವರ ಮೇಲೆ ಹಾಕಿದರೆ ಹೇಗೆ? ಮೈಮೇಲೆ ಒಂದು ಜಾಕೆಟ್, ಪಾದಕ್ಕೆ ಒಂದು ಹಲಗೆ, ಎರಡರ ನಡುವೆ ಪಟ್ಟಿಗಳು. ಕಾಲು ಚಾಚಿ ಮಲಗಿಸಿ ಪಟ್ಟಿ ಬಿಗಿಮಾಡಿದರೆ ಭುಜದಿಂದ ಪಾದದವರೆಗೆ ದೇಹ ಒತ್ತಿಕೊಳ್ಳುತ್ತದೆ. ದೇಹದ ತೂಕದ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾರ, ಕೆಲವು ನಿಮಿಷ ಹಾಗೇ ಇಟ್ಟು ಆಮೇಲೆ ಸ್ಕ್ಯಾನ್. ಮಾಮೂಲಿ ಯಂತ್ರದಲ್ಲೇ ಮಾಡಬಹುದು ಎನ್ನುವುದು ಇದರ ದೊಡ್ಡ ಅನುಕೂಲ. 1997ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಭಾರ ಹಾಕಿದಾಗ ಗಣನೀಯ ಸಂಖ್ಯೆಯ ರೋಗಿಗಳಲ್ಲಿ ನರಗಳ ಚೀಲ ಇನ್ನಷ್ಟು ಕುಗ್ಗಿತ್ತು, ಮೊದಲು ಕಾಣದಿದ್ದ ಇಕ್ಕಟ್ಟು ಕಂಡಿತ್ತು.

ಇನ್ನೊಂದು ದಾರಿ, ನೇರವಾಗಿ ನಿಂತು ತೆಗೆಯುವ ಯಂತ್ರ. ಎದುರುಬದುರು ಇಟ್ಟ ಎರಡು ದೊಡ್ಡ ಅಯಸ್ಕಾಂತಗಳ ನಡುವೆ ರೋಗಿ ನಿಲ್ಲಬಹುದು, ಕೂರಬಹುದು, ಬಾಗಬಹುದು. ಇದನ್ನು ಹೆಚ್ಚು ಪ್ರಚಾರಕ್ಕೆ ತಂದವರು ಅಮೆರಿಕದ ಫೋನಾರ್ ಕಂಪನಿಯ ರೇಮಂಡ್ ಡಮೇಡಿಯನ್. 1977ರಲ್ಲಿ ಮನುಷ್ಯನ ಇಡೀ ಎದೆಯನ್ನು ಅಡ್ಡಲಾಗಿ ಸ್ಕ್ಯಾನ್ ಮಾಡಿ ತೋರಿಸಿದವರು ಇವರೇ. 2003ರಲ್ಲಿ ಎಂಆರ್‌ಐಗೆ ನೊಬೆಲ್ ಬಂದಾಗ ಪ್ರಶಸ್ತಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್‌ಗೆ ಹೋಯಿತು, ಡಮೇಡಿಯನ್ ಪರವಾಗಿ ಪತ್ರಿಕೆಗಳಲ್ಲಿ ಪುಟತುಂಬ ಪ್ರತಿಭಟನೆಯ ಜಾಹೀರಾತು ಬಂತು. ಆ ಜಗಳ ಬೇರೆಯೇ ಕಥೆ.

ನಿಂತು ತೆಗೆಯುವ ಯಂತ್ರ ಕೇಳಲು ಚೆಂದ. ಒಳಗೆ ನಿಂತವರಿಗೆ ಗೊತ್ತಾಗುತ್ತದೆ ಕಷ್ಟ. ಸ್ಟೆನೋಸಿಸ್ ರೋಗಿಯ ದೂರೇ ‘ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ’ ಎನ್ನುವುದು. ಅವರನ್ನೇ ಅಲುಗಾಡದೆ ನಿಲ್ಲಿ ಎಂದರೆ? ನೋವಿಗೆ ಕಾಲು ಬದಲಿಸುತ್ತಾರೆ, ಚಿತ್ರ ಮಸುಕಾಗುತ್ತದೆ. ಈ ಯಂತ್ರಗಳ ಅಯಸ್ಕಾಂತ ಶಕ್ತಿಯೂ ಕಡಿಮೆ. ಫೋನಾರ್‌ನದು 0.6 ಟೆಸ್ಲಾ, ಮಲಗಿಸುವ ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3. ಶಕ್ತಿ ಕಡಿಮೆಯಾದಷ್ಟೂ ಅಷ್ಟೇ ಸ್ಪಷ್ಟವಾದ ಚಿತ್ರಕ್ಕೆ ಹೆಚ್ಚು ಹೊತ್ತು ಬೇಕು, ಹೊತ್ತು ಹೆಚ್ಚಾದಷ್ಟೂ ರೋಗಿ ಅಲುಗಾಡುತ್ತಾರೆ. ಹಾಗಂತ ಕೂರಿಸಿ ತೆಗೆದರೆ? ಕೂತಾಗ ನೋವು ಹೋಗುವ ಕಾಯಿಲೆಯಿದು. ಕೂತು ತೆಗೆದ ಚಿತ್ರಕ್ಕೂ ‘ಅಪ್‌ರೈಟ್ ಎಂಆರ್‌ಐ’ ಎಂಬ ಹೆಸರೇ ಇರುತ್ತದೆ, ಆದರೆ ಈ ಪ್ರಶ್ನೆಗೆ ಅದು ಉತ್ತರ ಕೊಡುವುದು ಕಡಿಮೆ. ಜಾಹೀರಾತು ನೋಡಿ ಹೋಗುವವರು ಇದನ್ನು ಕೇಳುವುದೇ ಇಲ್ಲ.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಡೆನ್ಮಾರ್ಕಿನ ಪ್ರಯತ್ನ. ಮಂಡಿ ಕೆಳಗಿನ ದಿಂಬನ್ನು ತೆಗೆದು, ಸೊಂಟದ ಕೆಳಗೆ ಒಂದು ದಿಂಬು ಇಟ್ಟರೆ ಸೊಂಟದ ಒಳಬಾಗು ತಾನಾಗಿಯೇ ಹೆಚ್ಚುತ್ತದೆ, ನಿಂತಾಗಿನ ಆಕಾರಕ್ಕೆ ಹತ್ತಿರವಾಗುತ್ತದೆ. ಹೀಗೆ ತೆಗೆದ ಚಿತ್ರ ನಿಂತು ತೆಗೆದದ್ದಕ್ಕೆ ಬದಲಿಯಾಗಬಹುದೇ ಎಂದು ಅಲ್ಲಿನವರು ಪರೀಕ್ಷಿಸಿದ್ದಾರೆ. ಇಕ್ಕಟ್ಟಿಗೆ ಕಾರಣ ಭಾರ ಒಂದೇ ಅಲ್ಲ, ಬಾಗಿನ ಪಾತ್ರವೂ ದೊಡ್ಡದು ಎನ್ನುವುದು ಇದರ ಹಿಂದಿನ ತರ್ಕ. ಕೋಟಿಗಟ್ಟಲೆ ಬೆಲೆಯ ಯಂತ್ರದ ಎದುರು ಒಂದು ದಿಂಬು!

ಫಾರ್ವರ್ಡ್ ಹೇಳದ ಅರ್ಧ

ಇಷ್ಟು ಓದಿದವರಿಗೆ ‘ಹಾಗಾದರೆ ಎಲ್ಲರಿಗೂ ಭಾರ ಹಾಕಿ ತೆಗೆದರೆ ಆಯಿತಲ್ಲ’ ಅನಿಸಬಹುದು. ನಮಗೂ ಮೊದಲು ಬಂದ ಪ್ರಶ್ನೆ ಅದೇ. ತೊಡಕು ಇರುವುದು ನೋವೇ ಇಲ್ಲದವರ ಸ್ಕ್ಯಾನ್‌ಗಳಲ್ಲಿ.

1990ರಲ್ಲಿ ಅಮೆರಿಕದ ಸ್ಕಾಟ್ ಬೋಡನ್ ಮತ್ತು ಜೊತೆಗಾರರು ಸೊಂಟನೋವು, ಕಾಲುನೋವು ಯಾವತ್ತೂ ಬಾರದ 67 ಜನರ ಎಂಆರ್‌ಐ ತೆಗೆದು ನೋಡಿದರು. 60 ದಾಟಿದವರಲ್ಲಿ ಶೇಕಡ 57ರಷ್ಟು ಜನರ ಚಿತ್ರದಲ್ಲಿ ಏನಾದರೊಂದು ‘ದೋಷ’ ಇತ್ತು. ಶೇಕಡ 21ರಷ್ಟು ಜನರಲ್ಲಿ ಸ್ಟೆನೋಸಿಸ್ಸೇ ಇತ್ತು. ಅವರಿಗೆ ನೋವಿಲ್ಲ, ನಡಿಗೆಗೆ ಅಡ್ಡಿಯಿಲ್ಲ. ಇದು ಮಲಗಿಸಿ, ಭಾರ ಹಾಕದೆ ತೆಗೆದ ಚಿತ್ರಗಳ ಕಥೆ. ಭಾರ ಹಾಕಿದರೆ? ಸ್ವೀಡನ್ನಿನ ಅದೇ ತಂಡದ ಡೇನಿಯಲ್‌ಸನ್ ಮತ್ತು ವಿಲೆನ್ 2001ರಲ್ಲಿ ನೋವಿಲ್ಲದವರ ಮೇಲೂ ತಮ್ಮ ಜಾಕೆಟ್ ಪ್ರಯೋಗ ಮಾಡಿ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ನರಗಳ ಚೀಲ ಗಮನಾರ್ಹವಾಗಿ ಕುಗ್ಗಿತು, ವಯಸ್ಸಾದಷ್ಟೂ ಹೆಚ್ಚು. ತಾವೇ ಮುಂದೆ ತಂದ ವಿಧಾನದ ಮಿತಿಯನ್ನು ತಾವೇ ಅಳೆದು ತೋರಿಸಿದ್ದು ಮೆಚ್ಚಬೇಕಾದ ಮಾತು.

ಇದರ ಅರ್ಥ, ನಿಂತಾಗ ಓಣಿ ಕಿರಿದಾಗುವುದು ಕಾಯಿಲೆ ಇಲ್ಲದವರಲ್ಲೂ ಆಗುವ ಸಂಗತಿ. ಭಾರ ಹಾಕಿ ತೆಗೆದರೆ ತಪ್ಪಿಹೋಗುತ್ತಿದ್ದ ಕೆಲವರು ಸಿಗುತ್ತಾರೆ, ಜೊತೆಗೆ ಕಾಯಿಲೆಯೇ ಇಲ್ಲದ ಇನ್ನಷ್ಟು ಜನರ ರಿಪೋರ್ಟಿನಲ್ಲೂ ‘ಸ್ಟೆನೋಸಿಸ್’ ಎಂದು ಬರುತ್ತದೆ. ಆ ಒಂದು ಪದ ನೋಡಿ ಹೆದರಿ ಆಪರೇಶನ್ ಟೇಬಲ್‌ವರೆಗೆ ಹೋಗುವವರು ಇದ್ದಾರೆ. ಚಿತ್ರದಲ್ಲಿ ಎಷ್ಟು ಕಿರಿದಾಗಿದೆ ಎನ್ನುವುದಕ್ಕೂ ಮನುಷ್ಯ ಎಷ್ಟು ದೂರ ನಡೆಯಬಲ್ಲ ಎನ್ನುವುದಕ್ಕೂ ನಂಟು ಸಡಿಲ ಎನ್ನುವುದು ಮತ್ತೆ ಮತ್ತೆ ಕಂಡುಬಂದಿದೆ.

ಅದಕ್ಕೇ ಅಮೆರಿಕದ ವಾಷಿಂಗ್ಟನ್ ರಾಜ್ಯ 2007ರಲ್ಲಿ ನಿಂತು ತೆಗೆಯುವ ಎಂಆರ್‌ಐ ಬಗ್ಗೆ ಸಾಕ್ಷ್ಯ ಪರಿಶೀಲಿಸಿ, ಸರ್ಕಾರಿ ಹಣದಲ್ಲಿ ಅದಕ್ಕೆ ಖರ್ಚು ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಉತ್ತರ ಅಮೆರಿಕದ ಬೆನ್ನುಮೂಳೆ ತಜ್ಞರ ಸಂಘದ ಮಾರ್ಗಸೂಚಿ ಸ್ವಲ್ಪ ಮೆದು. ಮೊದಲ ಆಯ್ಕೆ ಮಾಮೂಲಿ ಎಂಆರ್‌ಐ. ಸ್ಟೆನೋಸಿಸ್‌ನ ಲಕ್ಷಣ ಸ್ಪಷ್ಟವಾಗಿದ್ದು, ಮಲಗಿ ತೆಗೆದ ಚಿತ್ರದಲ್ಲಿ ಚೀಲದ ವಿಸ್ತೀರ್ಣ ಎಲ್ಲೋ ಒಂದು ಕಡೆ 110 ಚದರ ಮಿಲಿಮೀಟರ್‌ಗಿಂತ ಕಡಿಮೆ ಇದ್ದು, ಅನುಮಾನ ಇನ್ನೂ ಉಳಿದಿದ್ದರೆ ಮಾತ್ರ ಭಾರ ಹಾಕಿ ತೆಗೆಯುವ ಎಂಆರ್‌ಐ ಅಥವಾ ಸಿಟಿ ಉಪಯುಕ್ತ ಪೂರಕ ಪರೀಕ್ಷೆ ಎನ್ನುತ್ತದೆ ಅದು. ನಮಗೆ ಇದು ಸರಿಯಾದ ಜಾಗ ಅನಿಸುತ್ತದೆ: ಗೆರೆಯ ಮೇಲೆ ನಿಂತವರಿಗೆ.

ಆಪರೇಶನ್ ಬೇಕೋ ಬೇಡವೋ ಎನ್ನುವುದೂ ಚಿತ್ರದಿಂದ ತೀರ್ಮಾನವಾಗುವುದಿಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆಪರೇಶನ್‌ಗೆ ಒಪ್ಪಿದ್ದ 169 ಸ್ಟೆನೋಸಿಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು, ಒಂದಕ್ಕೆ ಆಪರೇಶನ್, ಇನ್ನೊಂದಕ್ಕೆ ಫಿಸಿಯೋಥೆರಪಿ. ಎರಡು ವರ್ಷದ ನಂತರ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುಧಾರಿಸಿದ್ದವು. ಆದರೆ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ನಡುವೆ ಆಪರೇಶನ್‌ಗೆ ಹೋಗಿದ್ದರು. ಹಾಗಾಗಿ ‘ಆಪರೇಶನ್ ವೇಸ್ಟ್’ ಎಂದು ಇದನ್ನು ಫಾರ್ವರ್ಡ್ ಮಾಡಬೇಡಿ, ‘ಫಿಸಿಯೋ ವೇಸ್ಟ್’ ಎಂದೂ ಮಾಡಬೇಡಿ. ಮೊದಲು ವ್ಯಾಯಾಮ ಪ್ರಯತ್ನಿಸಿ, ಆಗದಿದ್ದರೆ ಆಪರೇಶನ್ ಬಗ್ಗೆ ಮಾತಾಡಲು ಸಾಮಾನ್ಯವಾಗಿ ಸಮಯ ಇರುತ್ತದೆ.

ಸಮಯ ಇಲ್ಲದ ಸಂದರ್ಭವೂ ಒಂದಿದೆ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಿಲ್ಲದೆ ಹೋಗಿಬಿಡುವುದು, ಮಲದ ಮೇಲೆ ಹಿಡಿತ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಭಾಗದಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ಕಾಲಿನ ಬಲ ಬೇಗ ಬೇಗ ಕುಗ್ಗುವುದು. ಇವುಗಳಲ್ಲಿ ಯಾವುದೇ ಕಂಡರೂ ಕುದುರೆ ಬಾಲದ ನರಗಳು ಪೂರ್ತಿ ಒತ್ತಿಹೋಗುತ್ತಿರಬಹುದು. ಆವತ್ತೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಆಗ ಅಲ್ಲಿ ಬೇಕಾಗುವುದು ಮಲಗಿಸಿ ಬೇಗ ತೆಗೆಯುವ ಎಂಆರ್‌ಐ. ನಿಂತು ತೆಗೆಯುವ ಯಂತ್ರ ಹುಡುಕಿಕೊಂಡು ಹೊರಟರೆ ಉಳಿಸಬಹುದಾದ ನರ ಹೋಗುತ್ತದೆ.

ಹಾಗಾದರೆ ನಿಂತು ಏನು ತೆಗೆಸಬೇಕು?

ಮಾಮೂಲಿ ಎಕ್ಸ್‌-ರೇ! ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಯಾಕೆಂದರೆ ಇದರಲ್ಲಿ ಹೊಸತನ ಇಲ್ಲ.

ಸ್ಟೆನೋಸಿಸ್ ಇರುವವರಲ್ಲಿ ಕೆಲವರಿಗೆ ಒಂದು ಮೂಳೆ ಕೆಳಗಿನದರ ಮೇಲೆ ಮುಂದಕ್ಕೆ ಜಾರಿರುತ್ತದೆ, ಸ್ಪಾಂಡಿಲೋಲಿಸ್ತೆಸಿಸ್. ವಯಸ್ಸಿನಿಂದ ಬರುವ ಬಗೆ ಹೆಚ್ಚಾಗಿ ಕಾಣುವುದು 50 ದಾಟಿದ ಹೆಂಗಸರಲ್ಲಿ, ಎಲ್‌4-ಎಲ್‌5ರ ನಡುವೆ. ಈ ಜಾರುವಿಕೆಯ ಗುಣವೇನೆಂದರೆ ಮಲಗಿದಾಗ ಮೂಳೆ ತನ್ನ ಜಾಗಕ್ಕೆ ವಾಪಸ್ ಹೋಗಬಹುದು. ಎಂಆರ್‌ಐ ರಿಪೋರ್ಟಿನಲ್ಲಿ ಜಾರಿರುವ ಸುದ್ದಿಯೇ ಇರುವುದಿಲ್ಲ. ಅದೇ ವ್ಯಕ್ತಿಯನ್ನು ನಿಲ್ಲಿಸಿ ಪಕ್ಕದಿಂದ ಒಂದು ಎಕ್ಸ್‌-ರೇ ತೆಗೆದರೆ ಜಾರಿದ್ದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಮಲಗಿಸಿ ತೆಗೆದ ಎಂಆರ್‌ಐನಲ್ಲೂ ಒಂದು ಸುಳಿವು ಸಿಗುವುದುಂಟು: ಫಾಸೆಟ್ ಕೀಲುಗಳಲ್ಲಿ ಹೆಚ್ಚು ನೀರು ತುಂಬಿರುವುದು. ಅದನ್ನು ಕಂಡ ರೇಡಿಯಾಲಜಿಸ್ಟ್ ‘ನಿಂತ ಎಕ್ಸ್‌-ರೇ ನೋಡಿ’ ಎಂದು ಬರೆದರೆ ಅದನ್ನು ಕಡೆಗಣಿಸಬಾರದು.

ಇದು ತಿಳಿದರೆ ಚಿಕಿತ್ಸೆಯ ಯೋಚನೆಯೇ ಬದಲಾಗಬಹುದು ಎನ್ನುವುದಕ್ಕೆ ಇಷ್ಟು ಒತ್ತು ಕೊಡುತ್ತಿದ್ದೇವೆ. ಮೂಳೆ ಅಲುಗಾಡುತ್ತಿಲ್ಲದಿದ್ದರೆ ಇಕ್ಕಟ್ಟಾದ ಜಾಗವನ್ನು ಬಿಡಿಸಿದರೆ ಸಾಕಾಗಬಹುದು. ಜಾರುತ್ತಿದ್ದರೆ ಸ್ಕ್ರೂ ಹಾಕಿ ಮೂಳೆಗಳನ್ನು ಬೆಸೆಯಬೇಕೇ ಎಂಬ ಪ್ರಶ್ನೆ ಬರುತ್ತದೆ. ಬೆಸೆಯುವುದು ದೊಡ್ಡ ಆಪರೇಶನ್, ಖರ್ಚೂ ಹೆಚ್ಚು, ಅಪಾಯವೂ ಹೆಚ್ಚು. ಎಲ್ಲ ಜಾರಿದವರಿಗೂ ಅದು ಬೇಕೇ ಎನ್ನುವ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಆ ಚರ್ಚೆ ಶುರುವಾಗಲಿಕ್ಕಾದರೂ ಮೂಳೆ ಜಾರುತ್ತಿದೆಯೋ ಇಲ್ಲವೋ ಗೊತ್ತಿರಬೇಕು. ಅದನ್ನು ಹೇಳುವುದು ಚಿಕ್ಕ ಊರಿನ ಲ್ಯಾಬ್‌ನಲ್ಲೂ ಸಿಗುವ, ಎಂಆರ್‌ಐಗೆ ಹೋಲಿಸಿದರೆ ಚಿಲ್ಲರೆ ದುಡ್ಡಿನ ಪರೀಕ್ಷೆ.

ನಿಮ್ಮ ಮನೆಯಲ್ಲಿ ಇಂಥ ತೊಂದರೆ ಇರುವವರು ಡಾಕ್ಟರ ಬಳಿ ಹೋಗುವಾಗ ರಿಪೋರ್ಟ್ ಫೈಲಿನ ಜೊತೆ ಒಂದಿಷ್ಟು ವಿವರ ಬರೆದುಕೊಂಡು ಹೋದರೆ ಒಳ್ಳೆಯದು. ಎಷ್ಟು ನಿಮಿಷ ನಡೆದರೆ ಕಾಲು ಹಿಡಿಯುತ್ತದೆ, ನಿಂತರೆ ಸಾಕೋ ಕೂರಲೇಬೇಕೋ, ಬಾಗಿದರೆ ಹೇಗೆ, ಎರಡೂ ಕಾಲೋ ಒಂದೇ ಕಾಲೋ. ‘ಸೊಂಟನೋವು’ ಎಂದಷ್ಟೇ ಹೇಳಿದರೆ ಎಲ್ಲರ ಸೊಂಟನೋವೂ ಒಂದೇ ಆಗಿಬಿಡುತ್ತದೆ. ಮಂಡಿನೋವಿಗೆ ಮಾತ್ರೆ ತಿನ್ನುತ್ತಿರುವ ಎಷ್ಟೋ ಹಿರಿಯರು ‘ವಯಸ್ಸಾಯ್ತು ಬಿಡಿ’ ಎಂದು ಈ ವಿವರಗಳನ್ನು ಬಾಯಿ ಬಿಡುವುದೇ ಇಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ಎಕ್ಸ್‌-ರೇಗೆ ಡಾಕ್ಟರ್ ಚೀಟಿ ಬರೆದರೆ ಅದರಲ್ಲಿ ‘ನಿಲ್ಲಿಸಿ’ ಎಂದು ಇದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಏನೂ ಬರೆಯದಿದ್ದರೆ ಲ್ಯಾಬ್‌ನಲ್ಲಿ ಮಲಗಿಸಿಯೇ ತೆಗೆದುಬಿಡಬಹುದು, ಫಿಲ್ಮ್ ಕೈಗೆ ಬಂದ ಮೇಲೆ ಅದು ಯಾವ ಭಂಗಿಯದ್ದು ಎಂದು ನಮಗೆ ನಿಮಗೆ ನೋಡಿ ಹೇಳಲು ಬರುವುದಿಲ್ಲ.